ಸರ್ವರಿನ ಮೆಮರಿ ತುಂಬಿದಾಗ: ಜಾಗ ಹಿಡಿದವರಾರು?

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ತರುಣರಲ್ಲಿ ಹಲವರು ಈಗ ಸರ್ವರುಗಳನ್ನು ಕಾಯುವ ಕೆಲಸದಲ್ಲಿದ್ದಾರೆ. ಐರೋಳಿ, ಮಹಾಪೆಗಳ ಕಡೆ ರಾತ್ರಿಪಾಳಿ ಮುಗಿಸಿ, ಹಗಲು ಮಲಗಿ, ಮತ್ತೆ ಪಾಳಿಗೆ ಹೋಗುವ ಮುನ್ನ ಒಂದಿಷ್ಟು ಪತ್ರಿಕೆ ತಿರುವಿ ಹೋಗುತ್ತಾರೆ. ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುವುದನ್ನು ನಾವು ಕೇಳಿದ್ದೇವೆ: “ಇಂಥ ಸರ್ವರಿನ ಮೆಮರಿ ಶೇಕಡಾ ೯೨ ತುಂಬಿದೆ ಎಂದು ಪರದೆಯ ಮೇಲೆ ಕೆಂಪು ಗೆರೆ ಬರುತ್ತದೆ. ಯಾವ ಪ್ರೊಸೆಸ್ ತುಂಬಿಸಿತು ಎಂದು ಮೇಲಿನವರು ಕೇಳುತ್ತಾರೆ. ಏನು ಹೇಳುವುದು?” ಉತ್ತರ ತಿಳಿಯದವನು ಸರ್ವರನ್ನು ನಿಲ್ಲಿಸಿ ಪುನಃ ಹಚ್ಚುತ್ತಾನೆ. ಕೆಂಪು ಗೆರೆ ಹೋಗುತ್ತದೆ. ಅದರೊಡನೆ ಸಾಕ್ಷಿಯೂ ಹೋಗುತ್ತದೆ.

ನಾವು ಇಂಜಿನಿಯರರಲ್ಲ. ಮ್ಯಾಟ್ರಿಕ್‌ವರೆಗೆ ಓದಿ ಗಿರಣಿಯ ಕಛೇರಿಯಲ್ಲಿ ಲೆಕ್ಕ ಬರೆಯುವವರು. ಆದರೂ ಈ ವಿಷಯವನ್ನು ಬರೆಯಲು ಧೈರ್ಯ ಮಾಡಿದ್ದೇಕೆಂದರೆ ಇದು ಮೂಲತಃ ಲೆಕ್ಕದ ವಿಷಯವೇ. ಗುದಾಮು ತುಂಬಿದೆ ಎಂದ ಮೇಲೆ ಯಾವ ಖಾತೆಯ ಮಾಲು ಎಷ್ಟು ಜಾಗ ಹಿಡಿದಿದೆ ಎಂದು ಎಣಿಸುವುದು ನಮಗೆ ಹೊಸದಲ್ಲ. ಎಣಿಕೆಯಲ್ಲಿ ಎಲ್ಲೆಲ್ಲಿ ಮೋಸವಾಗುತ್ತದೆ ಎಂಬುದೂ ಹೊಸದಲ್ಲ.

ಇಲ್ಲಿ ಲಿನಕ್ಸ್ ಸರ್ವರುಗಳನ್ನೇ ಮುಖ್ಯವಾಗಿ ಹಿಡಿದಿದ್ದೇವೆ. ಅಪ್ಪಣೆಗಳ ಉಚ್ಚಾರವನ್ನು ಮಾತ್ರ ಕೊಟ್ಟಿದ್ದೇವೆ. ಕಂಪ್ಯೂಟರಿನಲ್ಲಿ ಒತ್ತಬೇಕಾದ ಇಂಗ್ಲಿಷ್ ಅಕ್ಷರಗಳನ್ನು ವಾಚನಾಲಯದ ಕರಿಹಲಗೆಯ ಮೇಲೆ ಬರೆದಿಟ್ಟಿದೆ, ನಕಲು ಮಾಡಿಕೊಳ್ಳಬಹುದು. ಇನ್ನೊಂದು ಮಾತು. ಗಿರಣಿಯವರಿಗೆ ಪ್ರೊಸೆಸ್ ಎಂದರೆ ಬಟ್ಟೆಯನ್ನು ಬಿಳಿ ಮಾಡಿ ಬಣ್ಣ ಹಾಕುವ ಖಾತೆ. ಇಲ್ಲಿ ಪ್ರೊಸೆಸ್ ಎಂದರೆ ಯಂತ್ರದಲ್ಲಿ ಈ ಗಳಿಗೆಯಲ್ಲಿ ನಡೆಯುತ್ತಿರುವ ಒಂದು ಪ್ರೋಗ್ರಾಮು. ಒಂದೇ ಪ್ರೋಗ್ರಾಮನ್ನು ಹತ್ತು ಸಲ ಹಚ್ಚಿದರೆ ಹತ್ತು ಪ್ರೊಸೆಸ್‌ಗಳಾಗುತ್ತವೆ. ಪ್ರತಿಯೊಂದಕ್ಕೂ ಬೇರೆ ಬೇರೆ ನಂಬರು. ಈ ಕಡೆಯ ಮಾತು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಮೊದಲು ಕೆಂಪು ಗೆರೆಯ ಯೋಗ್ಯತೆ ಎಷ್ಟೆಂದು ತಿಳಿಯಬೇಕು. ಸರ್ವರುಗಳ ಮೇಲೆ ನಿಗಾ ಇಡುವ ಪ್ರೋಗ್ರಾಮುಗಳು ಹಲವಿವೆ. ೧೯೯೯ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಿಂದ ಹೊರಟು ಆಮೇಲೆ ಹೆಸರು ಬದಲಿಸಿದ ನಾಗಿಯೋಸ್, ೨೦೦೧ರಿಂದ ಎಲ್ಲರಿಗೂ ದೊರೆತ ಝಬ್ಬಿಕ್ಸ್, ೨೦೧೨ರಲ್ಲಿ ಸೌಂಡ್‌ಕ್ಲೌಡ್ ಎಂಬ ಕಂಪನಿಯಲ್ಲಿ ಆರಂಭವಾದ ಪ್ರೊಮೀಥಿಯಸ್, ಇವು ನಮ್ಮ ತರುಣರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು. ಇವನ್ನು ಸಾಧಾರಣ ರೀತಿಯಲ್ಲಿ ಕೂರಿಸಿದರೆ ಇಡೀ ಯಂತ್ರದ ಒಟ್ಟು ಅಂಕಿಯನ್ನಷ್ಟೇ ಬರೆದಿಡುತ್ತವೆ. ಗುದಾಮಿನ ಬಾಗಿಲಲ್ಲಿ ನಿಂತ ಪಹರೆಯವನು “ಒಳಗೆ ಜಾಗವಿಲ್ಲ” ಎಂದು ಕೂಗಬಲ್ಲ. ಯಾರ ಬೇಲುಗಳು ಎಷ್ಟಿವೆ ಎಂದು ಅವನನ್ನು ಕೇಳಿ ಫಲವಿಲ್ಲ. ಪ್ರೊಮೀಥಿಯಸ್‌ನಲ್ಲಿ ಯಂತ್ರದ ಲೆಕ್ಕ ಕೊಡುವ ನೋಡ್ ಎಕ್ಸ್‌ಪೋರ್ಟರ್ ಬೇರೆ, ಪ್ರೊಸೆಸ್‌ಗಳ ಲೆಕ್ಕ ಕೊಡುವ ಎಕ್ಸ್‌ಪೋರ್ಟರ್ ಬೇರೆ; ಎರಡನೆಯದನ್ನು ಕೂರಿಸದಿದ್ದರೆ ಎಷ್ಟು ಹುಡುಕಿದರೂ ಪ್ರೊಸೆಸ್‌ನ ಹೆಸರು ಸಿಗದು.

ಎರಡನೆಯದಾಗಿ, ನಿಜವಾಗಿ ತುಂಬಿದೆಯೇ? ಇದನ್ನು ‘ಫ್ರೀ’ ಎಂಬ ಅಪ್ಪಣೆಯಿಂದ ನೋಡತಕ್ಕದ್ದು. ಉದಾಹರಣೆಗೆ ೧೬ ಜೀಬಿ ಮೆಮರಿಯ ಒಂದು ಯಂತ್ರದಲ್ಲಿ ಬಳಕೆ ೯, ಖಾಲಿ ಅರ್ಧ, ಬಫರು ಮತ್ತು ಕ್ಯಾಶ್ ಆರೂವರೆ ಎಂದು ಬಂತೆನ್ನಿ. ಕಡೆಯ ಕಾಲಮಿನಲ್ಲಿ ‘ಅವೈಲಬಲ್’ ಎಂದು ೬ ಬಂದಿದೆ. ಖಾಲಿ ಎಂಬ ಕಾಲಮನ್ನು ನೋಡಿದವನು ಶೇಕಡಾ ೯೭ ತುಂಬಿತೆಂದು ಗಾಬರಿಯಾಗುತ್ತಾನೆ. ಅವೈಲಬಲ್ ಎಂಬುದನ್ನು ನೋಡಿದವನು ಶೇಕಡಾ ೬೩ರಷ್ಟು ಎನ್ನುತ್ತಾನೆ. ಯಂತ್ರ ಅದೇ, ಗಳಿಗೆ ಅದೇ. ವ್ಯತ್ಯಾಸಕ್ಕೆ ಕಾರಣ ಕ್ಯಾಶ್. ನಮ್ಮ ವಾಚನಾಲಯದಲ್ಲಿ ಓದುಗರು ಕಡಿಮೆಯಿರುವಾಗ ಖಾಲಿ ಬೆಂಚಿನ ಮೇಲೆ ಹಳೆಯ ಸಂಚಿಕೆಗಳನ್ನು ಹರಡಿಟ್ಟಿರುತ್ತೇವೆ, ಕೇಳಿದವರಿಗೆ ಬೇಗ ಕೊಡಬಹುದು ಎಂದು. ಜನ ಬಂದರೆ ಎತ್ತಿ ಕಪಾಟಿಗೆ ಹಾಕುತ್ತೇವೆ. ಲಿನಕ್ಸೂ ಡಿಸ್ಕಿನಿಂದ ಒಮ್ಮೆ ಓದಿದ ಫೈಲುಗಳನ್ನು ಹಾಗೆಯೇ ಖಾಲಿ ಮೆಮರಿಯಲ್ಲಿ ಹರಡಿಟ್ಟುಕೊಳ್ಳುತ್ತದೆ. ಯಾರಾದರೂ ಜಾಗ ಕೇಳಿದರೆ ಬಿಟ್ಟುಕೊಡುತ್ತದೆ. ಬಿಟ್ಟುಕೊಡಬಹುದಾದದ್ದು ಎಷ್ಟೆಂದು ಕರ್ನೆಲ್ ತಾನೇ ಅಂದಾಜು ಮಾಡಿ ಹೇಳುವ ಏರ್ಪಾಡು ೨೦೧೪ರ ೩.೧೪ನೆಯ ಆವೃತ್ತಿಯಲ್ಲಿ ಬಂತು. ಅದಕ್ಕೆ ಮೊದಲು ಬರೆದ ಹಳೆಯ ನಿಗಾ ಲಿಪಿಗಳು ಕೆಲವು ಕಡೆ ಇನ್ನೂ ನಡೆಯುತ್ತಿರುತ್ತವೆ. ಆದಕಾರಣ ಎಚ್ಚರಿಕೆ ಯಾವ ಕಾಲಮಿನಿಂದ ಹುಟ್ಟಿತು ಎಂದು ಕೇಳದೆ ಕಳ್ಳನನ್ನು ಹುಡುಕಲು ಹೊರಡಬಾರದು.

ಅವೈಲಬಲ್ ಕೂಡ ಕಡಿಮೆಯಾಗಿದೆ ಎಂದಿಟ್ಟುಕೊಳ್ಳೋಣ. ಈಗ ಪಟ್ಟಿ ತೆಗೆಯಬೇಕು. ‘ಟಾಪ್’ ಹಚ್ಚಿ ದೊಡ್ಡಕ್ಷರದ ಎಂ ಒತ್ತಿದರೆ ಮೆಮರಿ ಹೆಚ್ಚು ಹಿಡಿದವರು ಮೇಲೆ ಬರುತ್ತಾರೆ. ‘ಪಿಎಸ್’ ಎಂಬ ಅಪ್ಪಣೆಗೆ ಆರ್‌ಎಸ್‌ಎಸ್ ಕಾಲಮಿನ ಮೇಲೆ ಇಳಿಕೆಯ ಕ್ರಮದಲ್ಲಿ ಜೋಡಿಸು ಎಂದರೆ ಅದೇ ಪಟ್ಟಿ ಕಾಗದಕ್ಕೆ ಇಳಿಸುವಂತೆ ಸಿಗುತ್ತದೆ, ಅಂಕಿಗಳು ಕಿಲೋಬೈಟಿನಲ್ಲಿರುತ್ತವೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಉಳಿಯುವುದು ಆ ಕಾಲಮುಗಳ ಅರ್ಥ.

ವಿಎಸ್‌ಝಡ್ ಎಂಬ ಒಂದು ಕಾಲಮಿದೆ. ಇದನ್ನು ನಾವು ಸ್ಟೋರ್ಸಿಗೆ ಹೋಗುವ ಇಂಡೆಂಟಿಗೆ ಹೋಲಿಸುತ್ತೇವೆ. ನೂಲುವ ಖಾತೆಯವರು ೫೦೦ ಬಾಬಿನು ಬೇಕೆಂದು ಇಂಡೆಂಟು ಬರೆದಿರಬಹುದು, ಎತ್ತಿಕೊಂಡು ಹೋದದ್ದು ೬೦ ಇರಬಹುದು. ಪ್ರೊಸೆಸ್ ತನ್ನ ಹೆಸರಿಗೆ ಬರೆಸಿಕೊಂಡ ವಿಳಾಸಗಳ ಒಟ್ಟು ಮೊತ್ತವೇ ವಿಎಸ್‌ಝಡ್. ಅದರಲ್ಲಿ ಇನ್ನೂ ಮುಟ್ಟದ ಜಾಗವೂ ಸೇರಿದೆ, ಡಿಸ್ಕಿನ ಮೇಲೆಯೇ ಇರುವ ಫೈಲುಗಳೂ ಸೇರಿವೆ. ಜಾವಾ ಪ್ರೋಗ್ರಾಮುಗಳಲ್ಲಿ ಈ ಅಂಕಿ ಯಂತ್ರದ ಮೆಮರಿಗಿಂತ ದೊಡ್ಡದಾಗಿ ಕಾಣುವುದುಂಟು, ಕಂಡು ಹೆದರಬೇಕಾಗಿಲ್ಲ. ಆರ್‌ಎಸ್‌ಎಸ್ ಎಂಬುದು ನಿಜವಾಗಿ ಎತ್ತಿಕೊಂಡು ಹೋದ ಮಾಲು, ಅಂದರೆ ಈಗ ಮೆಮರಿಯಲ್ಲಿ ಕೂತಿರುವುದು. ಝಬ್ಬಿಕ್ಸ್ ಬಳಸುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಅದರಲ್ಲಿ ‘ಪ್ರೋಕ್ ಮೆಮ್’ ಎಂಬ ಕೀಲಿಯಿಂದ ಒಂದು ಪ್ರೊಸೆಸ್‌ನ ಮೆಮರಿಯನ್ನು ಕೇಳಬಹುದು. ಆದರೆ ಯಾವ ಬಗೆಯದೆಂದು ನಾವು ಬರೆಯದಿದ್ದರೆ ಅದು ಇಂಡೆಂಟಿನ ಅಂಕಿಯನ್ನೇ ತಂದುಕೊಡುತ್ತದೆ. ಆರ್‌ಎಸ್‌ಎಸ್ ಬೇಕೆಂದು ಸ್ಪಷ್ಟವಾಗಿ ಬರೆಯತಕ್ಕದ್ದು.

ಹಾಗಾದರೆ ಆರ್‌ಎಸ್‌ಎಸ್ ಅಂಕಿಗಳನ್ನು ಕೂಡಿದರೆ ಲೆಕ್ಕ ಸರಿಹೋಗುತ್ತದೆಯೆ? ಇಲ್ಲ. ನಮ್ಮ ಮೇಜಿನ ಮೇಲೆ ಒಂದೇ ದಿನಪತ್ರಿಕೆಯನ್ನು ಎಂಟು ಮಂದಿ ಒಟ್ಟಿಗೆ ಬಾಗಿ ಓದುತ್ತಾರೆ. ಒಬ್ಬೊಬ್ಬನನ್ನೂ ಕರೆದು “ನಿನ್ನ ಮುಂದೆ ಪತ್ರಿಕೆ ಎಷ್ಟಿದೆ?” ಎಂದರೆ ಪ್ರತಿಯೊಬ್ಬನೂ “ಒಂದು” ಎನ್ನುತ್ತಾನೆ. ಕೂಡಿದರೆ ಎಂಟು. ಮೇಜಿನ ಮೇಲಿರುವುದು ಒಂದೇ. ಪ್ರೊಸೆಸ್‌ಗಳೂ ಲೈಬ್ರರಿಗಳನ್ನು ಹೀಗೆಯೇ ಹಂಚಿಕೊಂಡು ಓದುತ್ತವೆ. ತಾಯಿ ಪ್ರೊಸೆಸ್ ಒಂದು ಕವಲೊಡೆದು ಮಕ್ಕಳನ್ನು ಹುಟ್ಟಿಸಿದಾಗ, ಬದಲಾವಣೆ ಮಾಡುವ ತನಕ ತಾಯಿಯ ಪುಟಗಳೇ ಮಕ್ಕಳ ಪುಟಗಳು.

ಅಂಕಿ ಹಾಕಿ ನೋಡೋಣ. ಒಂದು ವೆಬ್ ಸರ್ವರಿನಲ್ಲಿ ಪಿಎಚ್‌ಪಿಯ ೪೦ ಮಕ್ಕಳು; ಪ್ರತಿಯೊಂದರ ಆರ್‌ಎಸ್‌ಎಸ್ ೬೦ ಎಂಬಿ. ಕೂಡಿದರೆ ೨,೪೦೦ ಎಂಬಿ. ಆದರೆ ೬೦ರಲ್ಲಿ ೪೫ ಎಲ್ಲರಿಗೂ ಸೇರಿದ್ದು, ೧೫ ಮಾತ್ರ ಸ್ವಂತದ್ದು ಎನ್ನಿ. ಆಗ ನಿಜವಾಗಿ ಹಿಡಿದ ಜಾಗ ಸ್ವಂತದ್ದು ೬೦೦, ಹಂಚಿಕೆಯದ್ದು ೪೫, ಒಟ್ಟು ೬೪೫ ಎಂಬಿ. ಸುಮಾರು ನಾಲ್ಕು ಪಟ್ಟು ವ್ಯತ್ಯಾಸ! ಇದನ್ನು ಸರಿಪಡಿಸಲೆಂದೇ ಪಿಎಸ್‌ಎಸ್ ಎಂಬ ಮೂರನೆಯ ಅಳತೆಯಿದೆ: ಸ್ವಂತದ್ದನ್ನು ಪೂರ್ತಿ ಎಣಿಸಿ, ಹಂಚಿಕೆಯದ್ದನ್ನು ಓದುವವರ ಸಂಖ್ಯೆಯಿಂದ ಭಾಗಿಸುವುದು. ಮೇಲಿನ ಉದಾಹರಣೆಯಲ್ಲಿ ಒಬ್ಬೊಬ್ಬನ ಪಾಲಿಗೆ ೧೬ ಎಂಬಿಗಿಂತ ತುಸು ಹೆಚ್ಚು ಬೀಳುತ್ತದೆ, ೪೦ರಿಂದ ಗುಣಿಸಿದರೆ ಮತ್ತೆ ೬೪೫ಕ್ಕೇ ಬರುತ್ತದೆ. ‘ಪ್ರೋಕ್’ ಕಡತಕೋಶದಲ್ಲಿ ಆಯಾ ಪ್ರೊಸೆಸ್‌ನ ನಂಬರಿನ ಒಳಗೆ ‘ಸ್ಮ್ಯಾಪ್ಸ್’ ಎಂಬ ಫೈಲಿನಲ್ಲಿ ಈ ವಿವರವಿದೆ, ೨೦೧೭ರ ೪.೧೪ನೆಯ ಕರ್ನೆಲಿನಿಂದ ಅದರ ಮೊತ್ತವನ್ನು ಒಂದೇ ಕಡೆ ಕೊಡುವ ‘ಸ್ಮ್ಯಾಪ್ಸ್ ರೋಲಪ್’ ಕೂಡ ಇದೆ. ‘ಸ್ಮೆಮ್’ ಎಂಬ ಚಿಕ್ಕ ಪ್ರೋಗ್ರಾಮು ಇದನ್ನೆಲ್ಲ ಓದಿ ಪಟ್ಟಿ ಮಾಡಿಕೊಡುತ್ತದೆ. ಬೇರೆಯವರ ಪ್ರೊಸೆಸ್‌ಗಳ ಲೆಕ್ಕ ನೋಡಲು ರೂಟ್ ಅಧಿಕಾರ ಬೇಕು.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರುವ ಕಡೆ ಇದನ್ನು ಮರೆಯಲೇಬಾರದು. ಅಲ್ಲಿ ಒಂದೊಂದು ಸಂಪರ್ಕಕ್ಕೂ ಒಂದೊಂದು ಪ್ರೊಸೆಸ್. ಎಲ್ಲರೂ ಒಂದೇ ಹಂಚಿಕೆಯ ಬಫರನ್ನು ಮುಟ್ಟುತ್ತಾರೆ. ಮುಟ್ಟಿದಷ್ಟೂ ಆರ್‌ಎಸ್‌ಎಸ್ ಏರುತ್ತ ಹೋಗುತ್ತದೆ. ಸೋರಿಕೆ ಎಂದು ಕೂಗುವವರು ಕೂಗುತ್ತಲೇ ಇರುತ್ತಾರೆ, ಅಲ್ಲಿ ಏನೂ ಸೋರಿರುವುದಿಲ್ಲ.

ಸ್ವಾಪ್‌ನ ಮಾತನ್ನೂ ಹೇಳಿಬಿಡೋಣ. ಮೆಮರಿ ಸಾಲದಾದಾಗ ಕೆಲವು ಪುಟಗಳನ್ನು ಡಿಸ್ಕಿಗೆ ತಳ್ಳುತ್ತಾರೆ. ಹೀಗೆ ಹೊರಕ್ಕೆ ಹೋದದ್ದು ಆರ್‌ಎಸ್‌ಎಸ್ಸಿನಲ್ಲಿ ಕಾಣುವುದಿಲ್ಲ. ಆದ್ದರಿಂದ ಬಹಳ ಜಾಗ ಹಿಡಿದವನೇ ಪಟ್ಟಿಯ ಕೆಳಗೆ ಸಭ್ಯನಂತೆ ಕೂತಿರಬಹುದು. ಪ್ರೊಸೆಸ್‌ನ ‘ಸ್ಟೇಟಸ್’ ಫೈಲಿನಲ್ಲಿ ‘ವಿಎಂ ಸ್ವಾಪ್’ ಎಂಬ ಸಾಲನ್ನು ನೋಡಿ ಅದನ್ನೂ ಕೂಡಿಸಿಕೊಳ್ಳತಕ್ಕದ್ದು.

ಈಗ ಒಂದು ನಡೆದ ಸಂಗತಿ. ಈ ಊರಿನ ಸುತ್ತಿನ ಒಂದು ಗಿರಣಿ, ಹೆಸರು ಬೇಡ. ಅಲ್ಲಿ ಕಾಮಗಾರರ ಹಾಜರಿಯೂ ಪಗಾರದ ಲೆಕ್ಕವೂ ಒಂದೇ ಸರ್ವರಿನಲ್ಲಿ. ಗೇಟಿನಲ್ಲಿ ಬೆರಳೊತ್ತುವ ಯಂತ್ರ. ಸರ್ವರು ಉತ್ತರ ಕೊಡದಿದ್ದರೆ ಆ ಯಂತ್ರ ಹಾಜರಿ ಹಿಡಿಯುತ್ತಿರಲಿಲ್ಲ. ಕೆಲವು ಸೋಮವಾರಗಳಂದು ಮೊದಲನೆಯ ಪಾಳಿಯವರು ಏಳು ಗಂಟೆಗೆ ಬಂದು ನೋಡುವಾಗ ಡೇಟಾಬೇಸ್ ಸತ್ತಿರುತ್ತಿತ್ತು. ಕಾಯಂ ಜನಕ್ಕೆ ಕೈಬರಹದಲ್ಲಿ ಹಾಜರಿ ಹಾಕುತ್ತಿದ್ದರು. ಬದಲಿ ಕೆಲಸಗಾರರ ಪಾಡು ಬೇರೆ: ಹಾಜರಿ ಬೀಳದಿದ್ದರೆ ಅಂದಿನ ಕೆಲಸವೇ ಬೇರೊಬ್ಬನಿಗೆ, ಪಗಾರವೂ ಇಲ್ಲ. ತಿಂಗಳ ಕೊನೆಗೆ ಆ ತಕರಾರುಗಳು ಗುಮಾಸ್ತರ ಮೇಜಿಗೆ ಬರುತ್ತವೆ, ಆದ್ದರಿಂದಲೇ ಈ ಕಥೆ ನಮಗೆ ಗೊತ್ತು.

ಸರ್ವರು ಕೂರಿಸಿದವರು ಬಂದು ಟಾಪ್ ಹಚ್ಚಿ ನೋಡಿದರು. ಮೊದಲನೆಯ ಸಾಲಿನಲ್ಲಿ ಡೇಟಾಬೇಸ್. “ಇದೇ ತಿನ್ನುತ್ತಿದೆ, ಮೆಮರಿ ಸಾಲದು” ಎಂದರು. ೮ ಜೀಬಿ ಇದ್ದದ್ದನ್ನು ೧೬ ಮಾಡಿಸಿದರು. ಡೇಟಾಬೇಸಿನ ಪಾಲನ್ನೂ ೪ರಿಂದ ೯ಕ್ಕೆ ಏರಿಸಿದರು. ಮೊದಲು ಭಾನುವಾರ ಬೆಳಿಗ್ಗೆ ಸಾಯುತ್ತಿದ್ದದ್ದು ಈಗ ಭಾನುವಾರ ಮಧ್ಯರಾತ್ರಿ ದಾಟಿ ಹನ್ನೆರಡೂವರೆಗೆ ಸಾಯತೊಡಗಿತು. ಕೊಟ್ಟ ಹಣಕ್ಕೆ ದೊರೆತದ್ದು ಸುಮಾರು ಹದಿನೈದು ತಾಸು. ಬಳಿಕ ರಾತ್ರಿ ಕಾಯುವ ಹುಡುಗನ ಮೇಲೆ ಮಾತು ಬಂತು. ಕರಾರಿನ ಮೇಲಿದ್ದವನು, ಬಾಗಲಕೋಟೆ ಕಡೆಯವನು, ನಮ್ಮ ವಾಚನಾಲಯದ ಓದುಗ. ತಿಂಗಳೊಳಗೆ ಕಾರಣ ಹೇಳದಿದ್ದರೆ ಬೇರೆಯವನನ್ನು ನೋಡಿಕೊಳ್ಳುವುದಾಗಿ ಹೇಳಿಬಿಟ್ಟರು.

ಆತ ಮಾಡಿದ್ದು ಇಷ್ಟೇ. ಐದು ನಿಮಿಷಕ್ಕೊಮ್ಮೆ ಪಿಎಸ್‌ನ ಪಟ್ಟಿಯನ್ನು ಹೊತ್ತಿನ ಸಮೇತ ಒಂದು ಫೈಲಿಗೆ ಬರೆಯುವಂತೆ ಕ್ರಾನ್‌ನಲ್ಲಿ ಹಾಕಿದ. ಹತ್ತು ಸಾಲಿನ ಪಟ್ಟಿಯಲ್ಲ, ಪೂರ್ತಿ ಪಟ್ಟಿ. ಸೋಮವಾರ ಅದನ್ನು ತಂದು ನಮ್ಮ ಮೇಜಿನ ಮೇಲೆ ಹರಡಿದ. ನಾವು ಕೂತು ಖಾತೆವಾರು ತೇರೀಜು ತೆಗೆದಂತೆ ಹೆಸರುವಾರು ಕೂಡುತ್ತ ಹೋದೆವು. ಡೇಟಾಬೇಸ್ ಶನಿವಾರವೂ ೯ ಜೀಬಿ, ಭಾನುವಾರವೂ ೯. ಅದು ಏರಲೇ ಇಲ್ಲ. ಇತರ ಸಣ್ಣಪುಟ್ಟದ್ದು ಒಂದೂವರೆ. ಏರಿದ್ದು ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ವರದಿಯ ಪ್ರೋಗ್ರಾಮು. ಒಂದೊಂದು ಪ್ರತಿ ೧೪೦ ಎಂಬಿಯಷ್ಟೇ, ಹೆಚ್ಚಿನದೆಲ್ಲ ಸ್ವಂತದ್ದು. ಟಾಪ್‌ನ ಮೊದಲ ಸಾಲಿಗೆ ಎಂದೂ ಬರುವಂಥದ್ದಲ್ಲ. ಆದರೆ ಭಾನುವಾರ ಮಧ್ಯರಾತ್ರಿಯ ಹೊತ್ತಿಗೆ ಅಂಥ ೩೪ ಪ್ರತಿಗಳು ಕೂತಿದ್ದವು. ೩೪ನ್ನು ೧೪೦ರಿಂದ ಗುಣಿಸಿದರೆ ೪,೭೬೦ ಎಂಬಿ. ಎಲ್ಲ ಸೇರಿ ಹದಿನೈದು ಜೀಬಿ ದಾಟಿತು. ಹನ್ನೆರಡೂವರೆಗೆ ವಾರದ ಬ್ಯಾಕಪ್ ಆರಂಭವಾಗಿ ಇನ್ನೊಂದೂವರೆ ಕೇಳಿತು. ಸ್ವಾಪ್ ಇಟ್ಟಿರಲಿಲ್ಲ. ಅಲ್ಲಿಗೆ ಮುಗಿಯಿತು.

ಮೂವತ್ತನಾಲ್ಕು ಏಕೆ? ಆ ವರದಿ ತಾಸಿಗೊಮ್ಮೆ ಹೊಸದಾಗಿ ಹೊರಡುತ್ತಿತ್ತು. ಹೊರಟು ಟೈಂ ಆಫೀಸಿನ ಒಂದು ಕಂಪ್ಯೂಟರಿನಲ್ಲಿದ್ದ ಫೈಲನ್ನು ಓದಬೇಕಾಗಿತ್ತು. ಶನಿವಾರ ಅರ್ಧ ದಿನ. ಎರಡೂವರೆಗೆ ಟೈಂ ಆಫೀಸಿನವರು ಆ ಕಂಪ್ಯೂಟರನ್ನು ಬಂದ್ ಮಾಡಿ ಬೀಗ ಹಾಕಿ ಹೋಗುತ್ತಿದ್ದರು. ಮೂರು ಗಂಟೆಗೆ ಹೊರಟ ವರದಿ ಉತ್ತರಕ್ಕಾಗಿ ಕಾಯುತ್ತ ಕೂತಿತು. ಇಷ್ಟು ಹೊತ್ತು ಕಾದು ಬಿಟ್ಟುಬಿಡು ಎಂಬ ಗಡುವು ಅದಕ್ಕೆ ಇರಲಿಲ್ಲ. ನಾಲ್ಕು ಗಂಟೆಗೆ ಇನ್ನೊಂದು ಬಂದು ಅದರ ಪಕ್ಕ ಕೂತಿತು. ಶನಿವಾರ ೯, ಭಾನುವಾರ ೨೪, ಮಧ್ಯರಾತ್ರಿಯದೊಂದು. ಸೋಮವಾರ ಬೆಳಿಗ್ಗೆ ಟೈಂ ಆಫೀಸು ತೆರೆದ ಕೂಡಲೇ ಎಲ್ಲವೂ ಹತ್ತು ನಿಮಿಷದಲ್ಲಿ ಓದಿ ಮುಗಿಸಿ ಎದ್ದುಹೋಗುತ್ತಿದ್ದವು. ಇಂಜಿನಿಯರು ಹತ್ತು ಗಂಟೆಗೆ ಬಂದು ನೋಡುವಾಗ ಮೊದಲ ಸಾಲಿನಲ್ಲಿ ಡೇಟಾಬೇಸ್ ಬಿಟ್ಟರೆ ಮತ್ತೇನೂ ಕಾಣದು. ಶನಿವಾರ ಯಾರಾದರೂ ಕಂಪ್ಯೂಟರ್ ಮುಚ್ಚದೆ ಹೋದ ವಾರ ಕಾಯಿಲೆಯೂ ಇರುತ್ತಿರಲಿಲ್ಲ.

ಚಿಕಿತ್ಸೆಗೆ ಖರ್ಚು ಬೀಳಲಿಲ್ಲ. ಹಿಂದಿನದು ನಡೆಯುತ್ತಿದ್ದರೆ ಹೊಸದು ಹೊರಡದಂತೆ ‘ಎಫ್‌ಲಾಕ್’ ಹಾಕಿದರು, ಕಾಯುವುದಕ್ಕೆ ಎರಡು ನಿಮಿಷದ ಗಡುವು ಇಟ್ಟರು. ಹುಡುಗ ಕೆಲಸದಲ್ಲಿ ಉಳಿದ. ಹಿಂದಿನ ಸೋಮವಾರಗಳಲ್ಲಿ ಬದಲಿಯವರು ಕಳೆದುಕೊಂಡ ಪಗಾರ ಮಾತ್ರ ಬರಲಿಲ್ಲ.

ಆದ್ದರಿಂದ ಪಟ್ಟಿಯನ್ನು ಒಬ್ಬೊಬ್ಬರ ಗಾತ್ರದಿಂದ ಜೋಡಿಸಿ ನೋಡಿದ ಮೇಲೆ, ಹೆಸರುವಾರು ಕೂಡಿ ಇನ್ನೊಮ್ಮೆ ನೋಡಿರಿ. ಆಮೇಲೆ ಯಾವ ಬಳಕೆದಾರನ ಹೆಸರಿನಲ್ಲಿ ಎಷ್ಟು ಎಂದು ಮತ್ತೊಮ್ಮೆ. ‘ಎಟಾಪ್’ ಎಂಬ ಪ್ರೋಗ್ರಾಮು ಇದ್ದರೆ ಸಣ್ಣ ಪಿ ಒತ್ತಿದರೆ ಸಾಕು, ಒಂದೇ ಹೆಸರಿನವರನ್ನು ತಾನೇ ಕೂಡಿ ತೋರಿಸುತ್ತದೆ. ಅದರ ದೊಡ್ಡ ಗುಣವೆಂದರೆ ಹಿನ್ನೆಲೆಯಲ್ಲಿ ಕೂತು ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಎಲ್ಲ ಪ್ರೊಸೆಸ್‌ಗಳ ಲೆಕ್ಕವನ್ನೂ ಬರೆದಿಡುತ್ತದೆ, ನಿನ್ನೆಯ ರಾತ್ರಿ ಎರಡು ಗಂಟೆಗೆ ಯಾರು ಎಷ್ಟಿದ್ದರು ಎಂದು ಇಂದು ತಿರುವಿ ನೋಡಬಹುದು. ‘ಸಾರ್’ ಎಂಬುದೂ ಬರೆದಿಡುತ್ತದೆ, ಆದರೆ ಯಂತ್ರದ ಒಟ್ಟು ಅಂಕಿಯನ್ನು ಮಾತ್ರ. ಸಿಸ್ಟಂಡಿ ಇರುವ ಯಂತ್ರಗಳಲ್ಲಿ ‘ಸಿಸ್ಟಂಡಿ ಸಿಜಿಟಾಪ್’ ಎಂಬುದು ಸೇವೆವಾರು ಲೆಕ್ಕ ಕೊಡುತ್ತದೆ. ಅದರಲ್ಲಿ ಆ ಸೇವೆ ಓದಿದ ಫೈಲುಗಳ ಕ್ಯಾಶೂ ಸೇರಿರುತ್ತದೆ ಎಂಬುದು ನೆನಪಿರಲಿ. ನಿಗಾ ಪ್ರೋಗ್ರಾಮಿಗೇ ಒಂದು ಕೆಲಸ ವಹಿಸುವುದು ಇನ್ನೂ ಒಳ್ಳೆಯದು: ಕೆಂಪು ಗೆರೆ ಬಂದ ಕ್ಷಣವೇ ಪಟ್ಟಿಯನ್ನು ತೆಗೆದು ಎಚ್ಚರಿಕೆಯ ಪತ್ರಕ್ಕೆ ಲಗತ್ತಿಸು ಎಂದು. ನಾಗಿಯೋಸ್, ಝಬ್ಬಿಕ್ಸ್ ಎರಡರಲ್ಲೂ ಇದು ಸಾಧ್ಯ. ನಿದ್ದೆಯಿಂದೆದ್ದು ಲಾಗಿನ್ ಆಗುವಷ್ಟರಲ್ಲಿ ಕಳ್ಳ ಹೋಗಿರುತ್ತಾನೆ.

ಬರೆದಿಟ್ಟ ಅಂಕಿಗಳನ್ನು ಗೆರೆಯಾಗಿ ಎಳೆದು ನೋಡುವುದು ಒಳ್ಳೆಯದು. ಏರಿ ಒಂದು ಮಟ್ಟದಲ್ಲಿ ನಿಂತರೆ ಅದು ಆ ಪ್ರೋಗ್ರಾಮಿಗೆ ಕೊಟ್ಟ ಪಾಲು. ಮೈ-ಎಸ್‌ಕ್ಯುಎಲ್‌ನ ಬಫರ್ ಪೂಲ್ ಹೀಗೆ ತುಂಬಿ ನಿಲ್ಲುವುದು ಸಹಜ. ಗರಗಸದ ಹಲ್ಲಿನಂತೆ ಏರಿ ಇಳಿದರೆ ಕಸ ಗುಡಿಸುತ್ತಿದೆ ಎಂದರ್ಥ. ಕೆಲಸ ಹೆಚ್ಚಿರಲಿ ಕಡಿಮೆಯಿರಲಿ, ದಿನದಿನಕ್ಕೂ ಇಳಿಯದೆ ಏರುತ್ತಲೇ ಹೋದರೆ ಮಾತ್ರ ಸೋರಿಕೆಯ ಸಂಶಯ. ಜಾವಾದಲ್ಲಿ ಹೀಪ್‌ಗೆ ೪ ಜೀಬಿ ಮಿತಿ ಹಾಕಿದ್ದೇವೆ, ಪ್ರೊಸೆಸ್ ಐದಕ್ಕೇರಿತು ಎಂದು ದೂರುವವರುಂಟು. ಮಿತಿ ಹಾಕಿದ್ದು ಹೀಪ್‌ಗೆ. ಥ್ರೆಡ್ಡುಗಳ ಸ್ಟ್ಯಾಕು, ಕ್ಲಾಸುಗಳ ವಿವರ, ನೇರ ಬಫರುಗಳು ಅದರ ಹೊರಗಿನವು.

ಕೆಲವು ಸಲ ಎಲ್ಲ ಪ್ರೊಸೆಸ್‌ಗಳ ಪಿಎಸ್‌ಎಸ್ ಕೂಡಿದರೂ ತಾಳೆಯಾಗುವುದಿಲ್ಲ. ೧೬ರಲ್ಲಿ ೬ಕ್ಕೆ ಹೆಸರು ಸಿಗುತ್ತದೆ, ಇನ್ನೈದಕ್ಕೆ ವಾರಸುದಾರರೇ ಇಲ್ಲ. ಆಗ ‘ಮೆಮ್‌ಇನ್ಫೋ’ ಫೈಲನ್ನು ತೆರೆಯಬೇಕು. ‘ಶ್‌ಮೆಮ್’ ಸಾಲು ದೊಡ್ಡದಿದ್ದರೆ ಯಾರೋ ಟಿಎಂಪಿಎಫ್‌ಎಸ್ ಜಾಗದಲ್ಲಿ ಫೈಲುಗಳನ್ನು ಬಿಟ್ಟುಹೋಗಿರಬಹುದು. ಡಿಸ್ಕಿನಂತೆ ಕಂಡರೂ ಅವು ಮೆಮರಿಯಲ್ಲಿವೆ, ಬರೆದ ಪ್ರೊಸೆಸ್ ಸತ್ತರೂ ಅಳಿಯುವುದಿಲ್ಲ. ಇದು ಕ್ಯಾಶ್‌ನ ಅಂಕಿಯಲ್ಲಿ ಸೇರಿಕೊಂಡು ಕಾಣುವುದರಿಂದ ಬಿಟ್ಟುಕೊಡುವ ಜಾಗವೆಂದು ತಿಳಿದು ಮೋಸಹೋಗುತ್ತಾರೆ. ‘ಸ್ಲ್ಯಾಬ್’ ದೊಡ್ಡದಿದ್ದರೆ ಕರ್ನೆಲ್ ತನ್ನ ಸ್ವಂತಕ್ಕೆ ಇಟ್ಟುಕೊಂಡದ್ದು, ‘ಸ್ಲ್ಯಾಬ್‌ಟಾಪ್’ನಿಂದ ವಿವರ ಸಿಗುತ್ತದೆ. ಹ್ಯೂಜ್ ಪೇಜುಗಳನ್ನು ಮುಂಗಡ ಕಾದಿರಿಸಿದ್ದರೆ ಯಾರೂ ಬಳಸದಿದ್ದರೂ ಆ ಜಾಗ ಹೋಯಿತೆಂದೇ ಲೆಕ್ಕ.

ಇನ್ನು ಮೆಮರಿ ಪೂರ್ತಿ ಮುಗಿದು ಕರ್ನೆಲ್ ತಾನೇ ಒಬ್ಬನನ್ನು ಕೊಂದಾಗ. ಓಓಎಂ ಕಿಲ್ಲರ್ ಎಂದು ಇದಕ್ಕೆ ಹೆಸರು. ಇದು ಅಪರಾಧಿಯನ್ನು ಹುಡುಕುವುದಿಲ್ಲ. ಯಾರನ್ನು ಕೊಂದರೆ ಹೆಚ್ಚು ಜಾಗ ಸಿಗುತ್ತದೆ ಎಂದು ನೋಡುತ್ತದೆ. ಮೆಮರಿ, ಸ್ವಾಪ್, ಪುಟಗಳ ಕೋಷ್ಟಕ ಮೂರನ್ನೂ ಕೂಡಿ, ನಾವು ಮೊದಲೇ ಕೊಟ್ಟ −೧೦೦೦ರಿಂದ +೧೦೦೦ರವರೆಗಿನ ಅಂಕವನ್ನು ಸೇರಿಸಿ ತೂಗುತ್ತದೆ. ಮೇಲಿನ ಕಥೆಯಲ್ಲಿ ಡೇಟಾಬೇಸ್ ಸತ್ತದ್ದು ಅದು ದೊಡ್ಡದೆಂಬ ಒಂದೇ ಕಾರಣಕ್ಕೆ. ಕರ್ನೆಲ್ ಲಾಗಿನಲ್ಲಿ ‘ಇನ್ವೋಕ್ಡ್’ ಎಂಬ ಸಾಲಿನಲ್ಲಿ ಬರುವ ಹೆಸರು ಕಡೆಯ ತುತ್ತು ಕೇಳಿದವನದು, ಅವನೂ ಅಪರಾಧಿಯಾಗಿರಬೇಕಾಗಿಲ್ಲ. ಆ ಲಾಗಿನ ಬೆಲೆಯಿರುವುದು ನಡುವಿನ ಕೋಷ್ಟಕದಲ್ಲಿ: ಸಾವಿನ ಗಳಿಗೆಯಲ್ಲಿ ಇದ್ದ ಪ್ರೊಸೆಸ್‌ಗಳ ಪಟ್ಟಿ ಅಲ್ಲಿರುತ್ತದೆ. ಆದರೆ ಅಲ್ಲಿನ ಆರ್‌ಎಸ್‌ಎಸ್ ಅಂಕಿ ಕಿಲೋಬೈಟಿನಲ್ಲಿಲ್ಲ, ಪುಟಗಳಲ್ಲಿದೆ. ಸಾಮಾನ್ಯ ಯಂತ್ರಗಳಲ್ಲಿ ಒಂದು ಪುಟ ೪ ಕೆಬಿ. ೨೩,೫೯,೨೯೬ ಎಂದು ಬರೆದಿದ್ದರೆ ನಾಲ್ಕರಿಂದ ಗುಣಿಸಿ, ೯ ಜೀಬಿ. ಗುಣಿಸದೆ ಓದಿದವನು ಎರಡೂಕಾಲು ಜೀಬಿ ಎಂದು ತಿಳಿದು ಬೇರೆಡೆ ಹುಡುಕಲು ಹೋಗುತ್ತಾನೆ. ಕೊಂದವನ ಹೆಸರಿರುವ ಕಡೆಯ ಸಾಲು ಮಾತ್ರ ಕಿಲೋಬೈಟಿನಲ್ಲಿರುತ್ತದೆ, ಹೀಗೆ ಒಂದೇ ವರದಿಯಲ್ಲಿ ಎರಡು ತೂಕ ಏಕಿಟ್ಟರೋ!

ಕಂಟೇನರುಗಳಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಯಂತ್ರದಲ್ಲಿ ಜಾಗ ಬೇಕಾದಷ್ಟಿದ್ದರೂ ಆ ಕಂಟೇನರಿಗೆ ಹಾಕಿದ ಮಿತಿ ಮುಗಿದರೆ ಅದರೊಳಗಿನವನು ಸಾಯುತ್ತಾನೆ. ಲಾಗಿನಲ್ಲಿ ‘ಮೆಮರಿ ಸಿಗ್ರೂಪ್’ ಎಂದು ಬರುತ್ತದೆ, ನಿರ್ಗಮನದ ನಂಬರು ೧೩೭, ಅಂದರೆ ೧೨೮ಕ್ಕೆ ಒಂಬತ್ತನೆಯ ಸಂಕೇತ ಸೇರಿದ್ದು. ಹೊರಗಿನ ಯಂತ್ರದ ಗೆರೆಯನ್ನು ನೋಡುತ್ತ ಕೂತರೆ ಏನೂ ತಿಳಿಯದು.

ವಿಂಡೋಸ್ ಸರ್ವರುಗಳಲ್ಲಿ ಹೆಸರುಗಳು ಬೇರೆ, ನಿಯಮ ಇದೇ. ಟಾಸ್ಕ್ ಮ್ಯಾನೇಜರಿನ ವರ್ಕಿಂಗ್ ಸೆಟ್ ಎಂಬುದು ಸರಿಸುಮಾರು ನಮ್ಮ ಆರ್‌ಎಸ್‌ಎಸ್. ಕಮಿಟ್ ಸೈಜ್ ಎಂಬ ಕಾಲಮನ್ನು ತೆರೆದು ಅದನ್ನೂ ನೋಡಬೇಕು, ಏಕೆಂದರೆ ಅಲ್ಲಿ ಮೊದಲು ಮುಗಿಯುವುದು ಅನೇಕ ಸಲ ಕಮಿಟ್‌ನ ಮಿತಿಯೇ. ಪ್ರೊಸೆಸ್‌ಗಳಲ್ಲಿ ಲೆಕ್ಕ ಸಿಗದಿದ್ದರೆ ನಾನ್‌ಪೇಜ್ಡ್ ಪೂಲ್ ಕಡೆ ನೋಡುವುದು. ಯಾವುದಾದರೂ ಡ್ರೈವರು ಹಿಡಿದುಕೊಂಡಿರಬಹುದು.

ಅಭ್ಯಾಸ ಮಾಡಬೇಕೆನ್ನುವವರಿಗೆ ವಾಚನಾಲಯದ ಹಿಂದಿನ ಖೋಲಿಯಲ್ಲಿ ೨ ಜೀಬಿಯ ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿಟ್ಟಿದ್ದೇವೆ. ಮೆಮರಿ ಕಡಿಮೆಯಾದ್ದರಿಂದ ತುಂಬಿಸುವುದು ಸುಲಭ. ಶನಿವಾರ ಸಂಜೆ ಆರರಿಂದ ಎಂಟರವರೆಗೆ ಬೇಕಾದಷ್ಟು ಸಲ ತುಂಬಿಸಿ, ಓಓಎಂ ಯಾರನ್ನು ಕೊಂದಿತು ಎಂದು ಲಾಗಿನಲ್ಲಿ ನೋಡಿರಿ. ಕೊಂದ ಮೇಲೆ ಗ್ರಂಥಗಳ ಸೂಚಿ ಇರುವ ಪಕ್ಕದ ಕಂಪ್ಯೂಟರನ್ನು ಮಾತ್ರ ಮುಟ್ಟಬೇಡಿರಿ.